ಸಿದ್ದಾಪುರದ ಅಕ್ಷರದ ಬಂಡೆ

ಮಗಳೇ ಸೂರಮ್ಮ,

ನೀನು ಜ್ವರದಲ್ಲಿ ಹೋಗಿ ವರ್ಷವಾಯಿತು. ಈ ಕಾಗದ ನಿನ್ನ ಕೈ ಸೇರುವುದಿಲ್ಲ. ಆದರೂ ಇವತ್ತು ಕಂಡದ್ದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳಲಾರೆ.

ಬೇಸಿಗೆ, ಹೊಲದಲ್ಲಿ ಕೆಲಸವಿಲ್ಲ. ನಿನ್ನ ಅವ್ವನ ಜೊತೆ ಸಿದ್ದಾಪುರಕ್ಕೆ, ನಿನ್ನ ಸೋದರಮಾವ ಓಬಯ್ಯನ ಮನೆಗೆ ಹೋಗಿದ್ದೆ. ಮಧ್ಯಾಹ್ನ ಅವನು ನಮ್ಮನ್ನು ಗುಡ್ಡದ ಅಕ್ಷರದ ಬಂಡೆಗೆ ಕರೆದೊಯ್ದ. ಎಂಥ ಬಂಡೆ ಅಂತೀಯ! ಸಾಲಿನ ಮೇಲೆ ಸಾಲು, ಇರುವೆ ಹರಿದಂತೆ ಅಕ್ಷರ. ಓದು ಬಲ್ಲ ನನಗೂ ಒಂದೂ ಗುರುತಾಗಲಿಲ್ಲ.

"ಎರಡು ಸಾವಿರ ವರ್ಷದ್ದಂತೆ ಭಾವ, ಯಾವನೋ ರಾಜ ಬರೆಸಿದ್ದಂತೆ," ಎಂದ ಓಬಯ್ಯ.

ಅಷ್ಟು ಮಳೆ, ಅಷ್ಟು ಬಿಸಿಲು ಕಳೆದರೂ ಒಬ್ಬ ಮನುಷ್ಯನ ಮಾತು ಅಲ್ಲೇ ಉಳಿದಿತ್ತು.

"ಏನಂತ ಬರ್ದೈತೆ?" ನಿನ್ನ ಅವ್ವ ಕೇಳಿದಳು.

"ತಾಯಿ ತಂದೆ ಮಾತು ಕೇಳ್ಬೇಕು ಅಂತ ಐತಂತೆ ಅಕ್ಕ. ಓದಿದೋರು ಹೇಳಿದ್ರು."

"ನನ್ನ ಮಗಳು ಕೇಳಿದ್ಲು. ಕಷಾಯ ಎಷ್ಟು ಕಹಿ ಇದ್ರೂ ಕುಡಿದ್ಲು."

ವರ್ಷದಿಂದ ಅವಳು ನಿನ್ನ ಮಾತೇ ಎತ್ತಿರಲಿಲ್ಲ. ಈಗ ಅವಳೇ ಮತ್ತೆ ಕೇಳಿದಳು: "ಮಕ್ಕಳ ಮಾತು ಕೇಳ್ಬೇಕು ಅಂತ ಎಲ್ಲಾದ್ರೂ ಬರ್ದೈತಾ, ಓಬಯ್ಯ?"

ಅವಳು ನನ್ನ ಕಡೆ ನೋಡಲಿಲ್ಲ.

ಜ್ವರದ ಮೊದಲ ದಿನ "ಮೈ ಸುಡ್ತೈತೆ ಅಪ್ಪಾ" ಎಂದು ನೀನು ನನ್ನ ಬಳಿಗೇ ಬಂದಿದ್ದೆ. ಬಿಸಿಲಿಗೆ ಹಾಗಾಗುತ್ತದೆ, ಕುರಿ ಹೊಡೆದುಕೊಂಡು ಹೋಗು ಎಂದಿದ್ದೆ ನಾನು.

ಆ ಅಕ್ಷರಗಳ ಮೇಲೆ ಅಂಗೈ ಇಟ್ಟೆ. ಬಂಡೆ ಕಾದ ಹೆಂಚಿನಂತಿತ್ತು. ನಾನು ಕೈ ತೆಗೆಯಲಿಲ್ಲ.

"ಸಾಕು, ಕೈ ತಗೀರಿ," ಎಂದು ನಿನ್ನ ಅವ್ವನೇ ಬಂದು ನನ್ನ ಕೈ ಹಿಡಿದು ಬಿಡಿಸಿದಳು.

ನಿನ್ನ ಅಪ್ಪ,
ಗಾದ್ರಪ್ಪ