ಪರದೆಯ ಮೇಲಿನ ನಂಬರು

೧೨ ಆಗಸ್ಟ್ ೨೦೦೩, ಮಂಗಳವಾರ

ಸುಕನ್ಯಾ ಕೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ.

ಲಿನಕ್ಸ್ ತಂತ್ರಾಂಶ ಹಾಕಿದ ಕಂಪ್ಯೂಟರ್ ಮಾರಲು ನಾನು, ಗೆಳೆಯ ಶಿವಯೋಗೀಶ ಅಲೆಯುವಾಗ, ಆ ತಂತ್ರಾಂಶ ಪುಕ್ಕಟೆ, ಯಾವ ಕಂಪನಿಯದೂ ಅಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಗಬ್ಬೂರಿನ ಹತ್ತಿ ವ್ಯಾಪಾರಿ ಕುಬೇರಪ್ಪನವರು, "ಇದಕ್ಕ ಮಾಲಕರ ಇಲ್ಲಂತೀರಿ. ಕೆಟ್ರ ಯಾರನ್ನ ಬೈಬೇಕ್ರಿ?" ಎಂದರು. "ನನ್ನ ಬೈರಿ ಕಾಕಾ," ಎಂದು ಶಿವಯೋಗೀಶ ತನ್ನ ಹೆಸರು, ಮನೆಯ ಫೋನ್ ನಂಬರು ಪರದೆಯ ಮೇಲೆಯೇ ಹಾಕಿಕೊಟ್ಟ. ಮುಂದೆ ಅದೇ ನಮ್ಮ ವ್ಯಾಪಾರದ ದಾರಿಯಾಯಿತು. ಹನ್ನೊಂದು ಅಂಗಡಿಗಳು ಒಪ್ಪಿದವು.

ಶಿವಯೋಗೀಶ ತೀರಿಕೊಂಡು ಐದು ತಿಂಗಳಾಯಿತು. ಮಷೀನ್ ಕೆಟ್ಟಾಗಿನ ಬೈಗುಳ ಮಾತ್ರ ಫೋನಿನಲ್ಲಿ ಅವನ ಮನೆಗೇ ಹೋಗುತ್ತಿತ್ತು. ಹೆಂಡತಿ ಸುಕನ್ಯಾ ಬರೆದುಕೊಂಡು ನನಗೆ ತಿಳಿಸುತ್ತಿದ್ದಳು. ಆಕೆಗೆ ಈ ಕಾಟ ಬೇಡವೆಂದು, ಆಕೆಗೆ ಹೇಳದೆ ಹತ್ತು ಅಂಗಡಿಗಳ ಪರದೆಯ ಮೇಲೆ ಅವನ ನಂಬರು ತೆಗೆದು ನನ್ನದು ಹಾಕಿದೆ.

ಇಂದು ಗೋಪನಕೊಪ್ಪದ ಅವರ ಮನೆಗೆ ಹೋಗಿದ್ದೆ. ಫೋನಿನ ಪಕ್ಕದಲ್ಲಿ ವಹಿ, ಪೆನ್ಸಿಲ್ ಹಾಗೆಯೇ ಇದ್ದವು.

"ಅಣ್ಣಾ, ಫೋನ್ ಬರೂದ ನಿಂತೈತಿ. ಅವರ ಹೆಸರ ಹಿಡದು ಯಾರೂ ಬೈಯವಲ್ರು," ಎಂದಳು. "ಮಷೀನ್ ಎಲ್ಲಾ ಛಲೋ ಆದೂವೇನ್ರಿ?"

ಹೂಂ ಎಂದೆ.

ಕುಬೇರಪ್ಪನವರ ಪರದೆಯ ಮೇಲೆ ಇನ್ನೂ ಅವನ ನಂಬರೇ ಇದೆ. ನಾಳೆ ಹೋಗಿ, ಏನಾದರೂ ಕೆಟ್ಟಿದೆಯೆಂದು ಆ ನಂಬರಿಗೆ ಫೋನ್ ಮಾಡಿ, ಅವನ ಹೆಸರು ಹಿಡಿದು ಒಂದು ಸಲ ಬೈಯಿರಿ ಎಂದು ಅವರನ್ನು ಹೇಗೆ ಕೇಳಲಿ?