ನಾಲ್ಕನೆಯ ಮೂಲೆಯ ನೀರು

ಕಾಕಾ,

ನಿಮ್ಮ ಈರ್ಯಾ ಮಾಡುವ ಸಲಾಮು. ಮೊದಲು ನನ್ನ ಅಕ್ಷರವನ್ನು ಕ್ಷಮಿಸಿರಿ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಕರಣಿ ಹಿಡಿದು ಒರಟಾದ ಕೈ ಪೆನ್ನು ಹಿಡಿದರೆ ಸಾಲು ಬಿಟ್ಟು ಓಡುತ್ತದೆ. ಒತ್ತಕ್ಷರ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಈಗಲೂ ತಿಳಿಯುವುದಿಲ್ಲ. ನೀವಂತೂ ಕನ್ನಡ ಓದುತ್ತಲೇ ಇರಲಿಲ್ಲ. ಸಿಮೆಂಟ್ ಚೀಲದ ಮೇಲಿನದನ್ನೂ ನನ್ನ ಕೈಯಿಂದಲೇ ಓದಿಸುತ್ತಿದ್ದಿರಿ. ಹಾಗಿದ್ದರೂ ತಪ್ಪು ಬರೆದೇನು ಎಂದು ಹೆದರುತ್ತಿದ್ದೇನೆ. ಈಗ ನಿಮಗೆ ಇದನ್ನು ಓದಿ ಹೇಳುವವರು ಯಾರೋ, ಅವರ ಮುಂದಾದರೂ ನನ್ನ ಮಾನ...

ನಿಮ್ಮನ್ನು ಕಬರಸ್ತಾನದಲ್ಲಿ ಇಟ್ಟು ಬಂದ ದಿನ ಓಣಿಯವರು ನನ್ನ ಹೆಗಲ ಮೇಲೆ ಕೈ ಹಾಕಿ, "ಇನ್ನ ಮ್ಯಾಲೆ ನೀನ ಗೌಂಡಿ ನೋಡಪಾ" ಅಂದರು. ನನಗೆ ಅಳು ಬರುವುದರ ಬದಲು ಭಯವೇ ಬಂತು. ಗೋಡೆ ಕಟ್ಟುವುದು ಬರುತ್ತದೆ, ಅದಕ್ಕೆ ಗಿಲಾವು ಬಳಿಯುವುದು ಬರುತ್ತದೆ. ಕೆಲಸ ಕೊಟ್ಟ ಮನೆಯವರ ಜೊತೆ ಮಾತಾಡುತ್ತಿದ್ದವರು ಮಾತ್ರ ನೀವು. ನಾನು ಹಿಂದೆ ನಿಂತು ಉಸುಕು ಸೋಸುತ್ತಿದ್ದೆ. ನೀವು ಹೋದ ಮೇಲೆ ಎಂಟು ತಿಂಗಳು ಸಣ್ಣಪುಟ್ಟ ಕೆಲಸ ಮಾಡಿದೆ. ಸೋರುವ ಮಾಳಿಗೆಗೆ ಮಣ್ಣು ಹಾಕುವುದು, ಕುಸಿದ ಕಟ್ಟೆ ಕಟ್ಟುವುದು. ಅವಕ್ಕೆ ಹೆಚ್ಚು ಮಾತು ಬೇಕಾಗಲಿಲ್ಲ.

ಯರಗುಪ್ಪಿಯ ಶಾಂತಕ್ಕ ನನ್ನನ್ನು ಹುಡುಕಿಕೊಂಡು ಬಂದದ್ದು ದೀಪಾವಳಿ ಆದ ಮೇಲೆ. ನಿಮಗೆ ಆ ಮನೆ ಗೊತ್ತು, ಗುಡಿಯ ಹಿಂದಿನ ಮಾಳಿಗೆ ಮನೆ. ದನ ಮಾರಿ ಎರಡು ವರ್ಷವಾಗಿದೆ. ಬಾಗಿಲು ದಾಟಿದ ಕೂಡಲೇ ಸಿಗುವ ದನ ಕಟ್ಟುವ ಅಂಕಣ ಖಾಲಿ ಬಿದ್ದಿತ್ತು. "ಈರಣ್ಣಾ, ಇಲ್ಲಿ ಹೊಲಿಗಿ ಕ್ಲಾಸ್ ಮಾಡ್ತೀನಿ. ಮ್ಯಾಲಿನ ಮಣ್ಣ ತಗದು ಸ್ಲ್ಯಾಬ್ ಹಾಕಿಕೊಡು. ಕಿಡಕಿ ದೊಡ್ಡು ಇರಲಿ, ಹುಡುಗ್ಯಾರಿಗೆ ಸೂಜಿ ಕಣ್ಣು ಕಾಣಬೇಕು" ಅಂದರು. ಹನ್ನೆರಡು ಹುಡುಗಿಯರು ಆಗಲೇ ಹೆಸರು ಕೊಟ್ಟಿದ್ದಾರೆ. ಹೊಲಿಗೆ ಯಂತ್ರಗಳು ಬಂದು ಪಡಸಾಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿವೆ. ಮಣ್ಣಿನ ಗೋಡೆ ಸ್ಲ್ಯಾಬಿನ ಭಾರ ತಡೆಯುವುದಿಲ್ಲವೆಂದು ನಾಲ್ಕು ಮೂಲೆಗೆ ನಾಲ್ಕು ಕಂಬ ಎಬ್ಬಿಸಿ, ಅವುಗಳ ಮೇಲೆ ಹಾಕುವುದು ಎಂದು ಹೇಳಿದೆ. ಅಷ್ಟು ಹೇಳುವುದರಲ್ಲಿ ಬೆವರು ಬಂದಿತ್ತು.

ಕುಂದಗೋಳದಲ್ಲಿ ಒಮ್ಮೆ ಹಳೆಯ ಮನೆಯೊಂದಕ್ಕೆ ಅಡುಗೆಮನೆ ಹೆಚ್ಚಿಗೆ ಕಟ್ಟಲು ಹೋಗಿದ್ದೆವಲ್ಲ, ನೆನಪಿದೆಯೇ? ಗುದ್ದಲಿ ಹಾಕುವ ಮೊದಲು ನೀವು ಹಾರೆಯಿಂದ ಗೇಣು ಗೇಣಿಗೆ ನೆಲ ಬಡಿದು ಕಿವಿ ಇಟ್ಟಿರಿ. ನಾನು ನಕ್ಕೆ. "ನಗಬ್ಯಾಡಲೇ" ಅಂದಿರಿ. "ಕೆಳಗ ಹಗೆ ಇರತಾವು. ಬಾಯಿ ಇಷ್ಟ ಸಣ್ಣದು, ಹೊಟ್ಟಿ ಇಡೀ ಖೋಲಿಯಷ್ಟು. ಜೋಳಾ ತುಂಬಿ, ಮ್ಯಾಲೆ ಕಲ್ಲ ಮುಚ್ಚಿ, ಮಣ್ಣ ಬಡದ್ರ ಅಪ್ಪಗೂ ಗೊತ್ತಾಗೂದಿಲ್ಲ. ಅಂಗಳದಾಗಿಂದು ಊರಿಗೆಲ್ಲಾ ಗೊತ್ತಿರತೈತಿ. ಒಳಗೊಂದು ಕಳ್ಳ ಹಗೆ ಇರತೈತಿ, ಅದು ಮನ್ಯಾಗಿನ ಹಿರೇ ಹೆಣಮಗಳಿಗೆ ಅಷ್ಟ ಗೊತ್ತು. ಆಕಿನ್ನ ಕೇಳದ ಪಾಯಾ ತೋಡಬ್ಯಾಡ."

ಶಾಂತಕ್ಕನನ್ನು ಕೇಳಿದೆ ಕಾಕಾ, ಕೇಳಲಿಲ್ಲ ಎನ್ನಬೇಡಿರಿ. "ನಮ್ಮ ಹಗೆ ಅಂಗಳದಾಗಿತ್ತು, ನಾ ಲಗ್ನಾ ಆಗಿ ಬರೂದರಾಗ ಮುಚ್ಚಿದ್ರು" ಅಂದರು. ಆದರೆ ಆ ಮನೆಯ ಹಿರಿಯ ಹೆಣ್ಣುಮಗಳು ಶಾಂತಕ್ಕನಲ್ಲ, ಅವರ ಅತ್ತೆ ಗೌರವ್ವ. ಆ ಅಜ್ಜಿ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕೂತು ಎಲ್ಲವನ್ನೂ ನೋಡುತ್ತಿರುತ್ತಾರೆ. ಪಡಸಾಲೆ ದಾಟಿ ಒಳಗೆ ಹೋಗಿ, ಅವರ ಮುಂದೆ ನಿಂತು ಕೇಳಬೇಕಿತ್ತು. ಎರಡು ಸಲ ಪಡಸಾಲೆಯ ಕಂಬದವರೆಗೆ ಹೋದೆ. "ಏನು ಬೇಕಾಗಿತ್ತೋ?" ಎಂದು ಅವರು ಕೇಳಿದಾಗ "ನೀರ್ರಿ" ಎಂದು ನೀರು ಕುಡಿದು ಬಂದೆ. ಎರಡೂ ಸಲ ನೀರೇ ಕುಡಿದೆ.

ಮೂರು ಮೂಲೆಯಲ್ಲಿ ಹಾರೆ ಬಡಿದು ನೋಡಿದೆ, ನೆಲ ಗಟ್ಟಿ ಇತ್ತು. ನಾಲ್ಕನೆಯ ಮೂಲೆಯಲ್ಲಿ ಗ್ವಾದಲಿ ಇತ್ತು, ದನಕ್ಕೆ ಮೇವು ಹಾಕುವ ಆ ಹಳೆಯ ಕಲ್ಲಿನ ಗ್ವಾದಲಿ. ಅದನ್ನು ಕೀಳಲು ಅರ್ಧ ದಿನ ಹೋಯಿತು. ಕಿತ್ತ ಮೇಲೆ ಸುಸ್ತಾಗಿತ್ತು. ಮೂರು ಕಡೆ ಗಟ್ಟಿ ಇದ್ದದ್ದು ಇಲ್ಲಿ ಮಾತ್ರ ಪೊಳ್ಳು ಇರುತ್ತದೆಯೇ ಎಂದು ಬಡಿದು ನೋಡದೆ ಐದಡಿ ತೋಡಿದೆ. ಗುಂಡಿಯಲ್ಲಿ ಎರೆ ಮಣ್ಣೇ ಬಂತು, ಬೇರೇನೂ ಕಾಣಲಿಲ್ಲ. ಕಬ್ಬಿಣ ಇಟ್ಟು ಕಾಂಕ್ರೀಟು ಹಾಕಿ ಕಂಬ ಎಬ್ಬಿಸಿಬಿಟ್ಟೆ.

ಐದು ದಿನದ ಹಿಂದೆ, ಕಾಂಕ್ರೀಟು ಗಟ್ಟಿಯಾಗಲೆಂದು ಕಂಬಗಳ ಬುಡಕ್ಕೆ ನೀರು ಬಿಡುತ್ತಿದ್ದೆ. ಅಷ್ಟರೊಳಗೆ ಮೇಲೆ ಸೆಂಟ್ರಿಂಗ್ ಹಲಗೆ ಕೂತಿದ್ದವು, ಕಬ್ಬಿಣ ಕಟ್ಟಿ ಆಗಿತ್ತು. ಮೂರು ಬುಡದಲ್ಲಿ ನೀರು ಸಂಜೆಯವರೆಗೂ ನಿಂತಿತ್ತು. ನಾಲ್ಕನೆಯದಕ್ಕೆ ಕೊಡ ಸುರಿದು ತಿರುಗಿ ನೋಡುವುದರೊಳಗೆ ಇಲ್ಲ. ಇನ್ನೊಂದು ಕೊಡ ಸುರಿದೆ. ಅದೂ ಇಲ್ಲ. ತುಂಬಿದ ಮಣ್ಣು ಸಡಿಲ ಇರಬೇಕು ಎಂದುಕೊಂಡೆ. ಎರೆ ನೆಲ ಒಣಗಿ ಬಿರುಕು ಬಿಟ್ಟರೆ ನೀರು ಕುಡಿಯುತ್ತದೆ, ಅದೂ ಇರಬಹುದು ಎಂದುಕೊಂಡೆ. ಮರುದಿನ ಆರು ಕೊಡ ಹಾಕಿದೆ. ಕಿವಿ ಹಚ್ಚಿದರೆ ಎಲ್ಲೋ ಕೆಳಗೆ, ದೂರದಲ್ಲಿ, ಹನಿ ಬೀಳುವ ಸಪ್ಪಳ. ಕಾಕಾ, ಗಟ್ಟಿ ನೆಲದಲ್ಲಿ ನೀರಿಗೆ ಬೀಳಲು ಜಾಗ ಎಲ್ಲಿರುತ್ತದೆ?

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಸ್ಲ್ಯಾಬ್ ಹಾಕುವ ದಿನ ಗೊತ್ತುಮಾಡಿ ಆಗಿತ್ತು. ಕಾಂಕ್ರೀಟು ಕಲಸುವ ಮಷಿನ್ನಿನವನಿಗೆ ಹೇಳಿ ಆಗಿತ್ತು. ಆಳುಗಳಿಗೆ ಉಣ್ಣಲು ಹುಗ್ಗಿ ಮಾಡಲೆಂದು ಶಾಂತಕ್ಕ ಗೋಧಿ ಕುಟ್ಟಿಸಿ ಇಟ್ಟಿದ್ದರು. ಹುಡುಗಿಯರು ಶಾಲೆಯಿಂದ ಬರುವಾಗ ಒಳಗೆ ಇಣುಕಿ, "ಇಲ್ಲಿ ನನ್ನ ಮಿಷಿನ್, ಅಲ್ಲಿ ನಿಂದು" ಎಂದು ಜಾಗ ಹಂಚಿಕೊಳ್ಳುತ್ತಿದ್ದರು. ಅದರಲ್ಲೊಬ್ಬಳು ನಾಲ್ಕನೆಯ ಮೂಲೆಯನ್ನೇ ತನಗೆ ಬೇಕೆಂದು ಹಟ ಮಾಡಿದಳು, ಕಿಟಕಿ ಹತ್ತಿರ ಇದೆ ಎಂದು. ನಾನು ಅಲ್ಲೇ ಕೂತು ತಂತಿ ಕತ್ತರಿಸುತ್ತಿದ್ದೆ. ತಲೆ ಎತ್ತಲಿಲ್ಲ.

ಮೊರಬದ ಆ ಗೋಡೆ ಈ ನಾಲ್ಕೂ ದಿನ ನನ್ನ ಕಣ್ಣ ಮುಂದೆ ಇತ್ತು. ನಾನು ನಿಮ್ಮ ಕೈಕೆಳಗೆ ಸೇರಿದ ಮೊದಲ ವರ್ಷ. ಸಾವ್ಕಾರರ ಮನೆಯ ಮೇಲೆ ಮಹಡಿ ಏರಿಸುತ್ತಿದ್ದೆವು. ಎದೆಮಟ್ಟ ಬಂದ ಗೋಡೆ ಹೊರಗೆ ವಾಲಿತ್ತು. ನಿಮ್ಮ ಕಣ್ಣು ಮಂಜಾಗಿ ಎಷ್ಟೋ ದಿನವಾಗಿತ್ತು, ನೀವು ಯಾರಿಗೂ ಹೇಳಿರಲಿಲ್ಲ. ಗೋಡೆ ಬೀಳಿಸಿದಿರಿ, ಅದು ಸರಿ. ಆದರೆ ಸಾವ್ಕಾರರಿಗೆ, "ಇಟ್ಟಂಗಿ ಸರಿ ಇಲ್ರಿ, ಎಲ್ಲಾ ಡೊಂಕ ಅದಾವು" ಅಂದಿರಿ. ಇಟ್ಟಿಗೆ ಭಟ್ಟಿಯವನನ್ನು ಕರೆಸಿದರು. ಅವನು ಒಂದು ಇಟ್ಟಿಗೆ ಕೈಯಲ್ಲಿ ಹಿಡಿದು ನಾಲ್ಕೂ ಕಡೆ ತಿರುಗಿಸಿ ನೋಡಿದ. ನಿಮ್ಮನ್ನೂ ನೋಡಿದ. ಇಟ್ಟಿಗೆ ಕೆಳಗಿಟ್ಟು ಹೋದ. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ನೀವು ನನಗೆ ಗಿರಮಿಟ್ ಕೊಡಿಸಿ, ನೀವು ಮಾತ್ರ ತಿನ್ನದೆ ಕೂತಿರಿ. ಮರುವಾರ ಕನ್ನಡಕ ಹಾಕಿಸಿಕೊಂಡಿರಿ. ಆಮೇಲೆ ಎಂದಾದರೂ ಅವನಿಗೆ ನಿಜ ಹೇಳಿದಿರಾ ಕಾಕಾ? ನಾನು ಕೇಳಲಿಲ್ಲ. ಕೇಳಿದರೆ ನೀವು ನನ್ನನ್ನು ಮನೆಗೆ ಕಳಿಸುತ್ತೀರಿ ಎಂದು ಹೆದರಿದ್ದೆ. ನಿಮ್ಮ ಮೇಲೆ ಸಿಟ್ಟಿನಿಂದ ಬರೆಯುತ್ತಿಲ್ಲ. ಮನೆಯವರ ತಪ್ಪನ್ನು ಅವರಿಗೆ ಹೇಗೆ ಹೇಳಬೇಕೆಂದು ನಿಮ್ಮನ್ನು ನೋಡಿ ಕಲಿತೆ. ನಮ್ಮ ತಪ್ಪನ್ನು ಹೇಗೆ ಹೇಳಬೇಕು ಎಂಬುದನ್ನು ಮಾತ್ರ...

ಇವತ್ತು ಮುಂಜಾನೆ ಹೋದಾಗ ಶಾಂತಕ್ಕ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರು. ಹತ್ತಿರ ಹೋಗಿ ನಿಂತೆ.

"ಅಕ್ಕಾರ, ನಾಳೆ ಸ್ಲ್ಯಾಬ್ ಬ್ಯಾಡ್ರಿ."

"ಯಾಕಪಾ? ಮಿಷಿನ್‌ದಾಂವ ಕೈ ಕೊಟ್ಟನೇನು?"

ನೋಡಿರಿ ಕಾಕಾ, ಅವರೇ ದಾರಿ ಮಾಡಿಕೊಟ್ಟರು. ಹೂಂ ಅಂದಿದ್ದರೆ ಸಾಕಿತ್ತು. ಆ ಮಷಿನ್ನಿನವನು ಅಲ್ಲಿರಲಿಲ್ಲ, ಇಲ್ಲ ಎನ್ನಲು ಬರುತ್ತಲೂ ಇರಲಿಲ್ಲ. ಭಟ್ಟಿಯವನ ಕೈಯಲ್ಲಿದ್ದ ಇಟ್ಟಿಗೆ ಕಣ್ಣಿಗೆ ಬಂತು.

"ಇಲ್ರಿ, ಅಂವ ಬರ್ತಾನ. ತಪ್ಪು ನಂದೈತ್ರಿ. ಗ್ವಾದಲಿ ಇದ್ದ ಮೂಲ್ಯಾಗ ನಾ ಬಡದು ನೋಡಲಿಲ್ಲ. ಕೆಳಗ ಪೊಳ್ಳ ಐತ್ರಿ."

ಶಾಂತಕ್ಕ ಕೊಡ ಕೆಳಗಿಟ್ಟರು. "ಯಾವಾಗ ಗೊತ್ತಾತು?"

"ನಾಕ ದಿನಾ ಆತ್ರಿ."

"ನಾಕ ದಿನಾ! ಬಾಯಾಗ ಕಡಬು ಇಟಗೊಂಡಿದ್ದೇನು? ನಾಳೆ ಹುಗ್ಗಿ ಉಂಡು, ಸ್ಲ್ಯಾಬ್ ಹಾಕಿ, ಹುಡುಗೂರನ್ನ ಅದರ ಬುಡಕ ಕುಂಡ್ರಸಾಂವ ಇದ್ದೇನು?"

ಒಳಗಿನಿಂದ ಕೋಲಿನ ಸಪ್ಪಳ ಬಂತು. ಗೌರವ್ವ ಹೊಸ್ತಿಲಿಗೆ ಬಂದು ನಿಂತರು. "ಗ್ವಾದಲಿ ಕೆಳಗ ಹಗೆ ಐತಿ" ಅಂದರು, ಚಹಾ ಆಗಿದೆ ಎಂದು ಹೇಳುವ ಹಾಗೆ. "ದನದ ತಲಿ ಇರೂ ಕಡೆ ಒಣಾ ಇರತೈತೆಂತ ಅಲ್ಲೇ ತೋಡಿಸಿದ್ರು. ಯಾವ ಕಳ್ಳ ಬಂದ್ರೂ ಎತ್ತಿನ ಕೊಂಬಿನ ಬುಡಕ ಕೈ ಹಾಕತಾನೇನು?"

"ಅತ್ತಿ! ನಿಮಗ ಗೊತ್ತಿತ್ತು, ಒಂದ ಮಾತ ಹೇಳಬಾರದೇನ್ರಿ?"

"ನಮ್ಮತ್ತಿ ನನ್ನ ಕಡಿಂದ ಆಣಿ ಮಾಡಿಸಿದ್ದಳು, ನೀನಾಗಿ ಬಾಯಿ ಬಿಡಬ್ಯಾಡ ಅಂತ. ಕೇಳಿದ್ರ ಹೇಳತಿದ್ದೆ. ಯಾರ ಕೇಳಿದ್ರಿ?" ಎಂದು ನನ್ನ ಕಡೆ ತಿರುಗಿದರು. "ಇಂವ ಎರಡ ಸಲ ಬಂದ, ಎರಡೂ ಸಲ ನೀರ ಕುಡದು ಹ್ವಾದ. ನಾ ಏನ ಹುಲಿ ಏನೋ ತಮ್ಮಾ?"

ಶಾಂತಕ್ಕನಿಗೆ ಸಿಟ್ಟಿನಲ್ಲಿಯೂ ನಗು ಬಂತು. ನನಗೆ ಬರಲಿಲ್ಲ.

ಗೌರವ್ವ ಕೋಲು ಊರಿ ತೋರಿಸಿದ ಜಾಗ ನನ್ನ ಕಂಬದಿಂದ ಎರಡೇ ಮೊಳ ದೂರ. ಒಂದೂವರೆ ಅಡಿ ಅಗೆದಾಗ ಹಾಸುಗಲ್ಲು ಸಿಕ್ಕಿತು. ನಾನು ಹಾರೆ ಹಾಕಿದೆ, ಶಾಂತಕ್ಕ ಸೆರಗು ಸಿಕ್ಕಿಸಿಕೊಂಡು ಕೈ ಕೊಟ್ಟರು. ಕಲ್ಲು ಸರಿದ ಕೂಡಲೇ ಕೆಳಗಿನಿಂದ ಹಳೆಯ ಜೋಳದ ಕಮಟು ವಾಸನೆ ಬಂತು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆ. ಎರಡಾಳು ಆಳ. ಯಾರೂ ಮಣ್ಣು ತುಂಬಿಲ್ಲ. ಅದರ ಹೊಟ್ಟೆ ಕಂಬದ ಬುಡದವರೆಗೆ ಬಂದಿದೆಯೋ, ಬುಡ ದಾಟಿಯೇ ಹೋಗಿದೆಯೋ ಮೇಲಿನಿಂದ ತಿಳಿಯುವುದಿಲ್ಲ. ಗರಸು ಮಣ್ಣು ತುಂಬಿ ಬಡಿದರೆ ಸಾಕೇ? ಕಂಬ ಒಡೆದು ಮತ್ತೆ ತಳದಿಂದ ಎಬ್ಬಿಸಬೇಕೇ? ನೀವಿದ್ದರೆ ಒಂದು ಸಲ ನೋಡಿ ಹೇಳುತ್ತಿದ್ದಿರಿ.

"ಒಡೀಬೇಕಾದ್ರ ಒಡಿ" ಅಂದರು ಶಾಂತಕ್ಕ. "ನಾ ಊರಾಗ ಹೇಳಾಕಿನ ಮತ್ತ. ಮುಚ್ಚಿಡಾಕಿ ಅಲ್ಲ." ಹೇಳಲಿ. ಸಂಜೆಯೊಳಗೆ ಯರಗುಪ್ಪಿಗೆಲ್ಲ ತಿಳಿಯುತ್ತದೆ. ನಾಡಿದ್ದು ಕುಂದಗೋಳಕ್ಕೂ ಹೋಗುತ್ತದೆ. ಇನ್ನು ಯಾರು ನನ್ನನ್ನು ಮನೆಗೆ ಕರೆಯುತ್ತಾರೋ ಗೊತ್ತಿಲ್ಲ. ಆದರೆ ತಪ್ಪು ಯಾರದು ಎಂದು ಊರಿನಲ್ಲಿ ಕೇಳಿದರೆ ನನ್ನ ಹೆಸರೇ ಬರುತ್ತದೆ, ಮಷಿನ್ನಿನವನದಲ್ಲ. ಇದು ನಿಮಗೆ ತಿಳಿಯಲಿ ಎಂದೇ ಬರೆದೆ.

ಹಗೇವಿನೊಳಗಿನ ಕೆಟ್ಟ ಗಾಳಿ ಹೋಗುವವರೆಗೆ ಇಳಿಯುವಂತಿಲ್ಲ. ಒಂದು ದಿನ ಬಾಯಿ ತೆರೆದು ಬಿಟ್ಟಿದ್ದೇನೆ. ನಾಳೆ ಕಂದೀಲು ಇಳಿಸಿ, ಆರದೆ ಉರಿದರೆ ಮಾತ್ರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತೇನೆ. ಕಂಬದ ಬುಡವನ್ನು ಕೈ ಮುಟ್ಟಿ ನೋಡದೆ ಆ ಅಂಕಣದ ಮೇಲೆ ಒಂದು ಬುಟ್ಟಿ ಕಾಂಕ್ರೀಟನ್ನೂ ಹಾಕುವುದಿಲ್ಲ, ಇದು ನಿಮಗೆ ಕೊಡುವ ಮಾತು.

ಇವತ್ತು ಮುಂಜಾನೆಯೇ ಆ ಓಣಿಯಲ್ಲಿ ಸುದ್ದಿ ಹಬ್ಬಿ, ಮಕ್ಕಳು ಇಣುಕಲು ಬರತೊಡಗಿದರು. ಜಾಲಿಯ ಮುಳ್ಳು ಕಡಿದು ತಂದು ಹಗೇವಿನ ಬಾಯಿಯ ಸುತ್ತ ಹಾಕಿದೆ. ದೂರದಿಂದ ಕಾಣಲು ಅದಕ್ಕೊಂದು ಕೆಂಪು ಬಟ್ಟೆ ಬೇಕಾಗಿತ್ತು. ಪಡಸಾಲೆ ದಾಟಿ ಒಳಗೆ ಹೋಗಿ, ಗೌರವ್ವನ ಮಂಚದ ಮುಂದೆ ನಿಂತು, ಕೇಳಿ ತಂದು ಕಟ್ಟಿದೆ.

ನಿಮ್ಮ
ಈರ್ಯಾ