ನಮ್ಮ ಕಡೆಯ ರಕ್ತ

ಮರ್ಫಿ ಟೌನ್,
೧೩ ಜುಲೈ ೨೦೨೫, ಭಾನುವಾರ

ಅಮ್ಮಾ,

ನಿನ್ನ ಜಗಳಗಂಟಿ ಮಗಳು ನಂದಿತಾಳ ನಮಸ್ಕಾರ. ಕಾಗದ ಬಂತೆಂದು ಗಾಬರಿಯಾಗಬೇಡ, ನನ್ನ ಮಗ ಲಿಖಿತ್ ಚೆನ್ನಾಗಿದ್ದಾನೆ. ಫೋನಿನಲ್ಲಿ ಈ ವಿಷಯ ತೆಗೆದರೆ ಸಾಕು, "ಒಲೆ ಮೇಲೆ ಹಾಲಿಟ್ಟಿದೀನಿ ಕಣೇ" ಅಂತ ಇಟ್ಟುಬಿಡುತ್ತೀಯ. ದಿನಕ್ಕೆ ಎಷ್ಟು ಸಲ ಹಾಲು ಕಾಯಿಸುತ್ತೀಯೋ ದೇವರೇ ಬಲ್ಲ!

ಹೋದ ವಾರ ಲಿಖಿತ್ ಶಾಲೆಯ ಬೆಂಚಿಗೆ ಮಂಡಿ ತಾಗಿಸಿಕೊಂಡ. ಬೇರೆ ಮಕ್ಕಳಾಗಿದ್ದರೆ ಉಜ್ಜಿಕೊಂಡು ಓಡುತ್ತಿದ್ದರು. ಇವನಿಗೆ ಸಂಜೆಯೊಳಗೆ ಕೀಲಿನ ಒಳಗೇ ರಕ್ತ ಸೋರಿ ಮಂಡಿ ಊದಿಕೊಂಡಿತು. ಏಳು ವರ್ಷದ ಮಗು ಹಲ್ಲು ಕಚ್ಚಿಕೊಂಡು, "ಅಳಲ್ಲಮ್ಮಾ, ಬೇಗ ಇಂಜೆಕ್ಷನ್ ಹಾಕ್ಸು" ಅಂದಿತು. ಐಸ್ ಇಟ್ಟು, ಆಟೋ ಹಿಡಿದು, ಶಿವಾಜಿನಗರದ ಆಸ್ಪತ್ರೆಗೆ ಹೋಗಿ ರಕ್ತ ನಿಲ್ಲುವ ಇಂಜೆಕ್ಷನ್ ಹಾಕಿಸಿದೆ. ಈಗ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾನೆ.

ಮೊದಲ ಸಲ ಹೀಗಾದಾಗ ಅವನಿಗೆ ಎರಡು ವರ್ಷ. ಉಳುಕಿದೆ ಅಂದುಕೊಂಡು ನೀನು ಎಣ್ಣೆ ಹಚ್ಚಿ ತಿಕ್ಕಿದೆ. ನಾನು ನಾಟಿ ಕಟ್ಟು ಹಾಕುವವರ ಹತ್ತಿರ ಎತ್ತಿಕೊಂಡು ಹೋಗಿ, ಮೊಟ್ಟೆಯ ಬಿಳಿ ಬಳಿಸಿ, ಬಿಗಿಯಾಗಿ ಕಟ್ಟಿಸಿಕೊಂಡು ಬಂದೆ. ಮೂರು ದಿನ ಮಗು ಕಿರುಚಿತು. ಆ ಕಾಲು ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ನಾವಿಬ್ಬರೂ ಗೊತ್ತಿಲ್ಲದೆ ಮಾಡಿದ್ದು ಅದು.

ಆಮೇಲೆ ಗೊತ್ತಾಯಿತಲ್ಲ! ಇದು ಹಿಮೋಫಿಲಿಯಾ, ರಕ್ತ ಹೆಪ್ಪುಗಟ್ಟದ ಕಾಯಿಲೆ, ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ ಅಂತ ಡಾಕ್ಟರು ನಮ್ಮಿಬ್ಬರ ಎದುರಿಗೇ ಬಿಡಿಸಿ ಹೇಳಿದರು. ನೀನು ಮಾತ್ರ ನೆಂಟರ ಮುಂದೆಲ್ಲ "ಅಳಿಯನ ಕಡೆ ರಕ್ತ ಸರಿಯಿಲ್ಲ" ಅಂದೆ. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಗಂಡ ಒಂದು ಮಾತೂ ಎದುರಾಡದೆ ಅದನ್ನು ಹೊತ್ತುಕೊಂಡರು. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಿನ್ನ ಅಕ್ಕ, ಮಾರಕ್ಕ ದೊಡ್ಡಮ್ಮ, ಮೊನ್ನೆ ಎಲ್ಲ ಹೇಳಿದಳಮ್ಮಾ. ನನಗಿಂತ ಮೊದಲು ನಿನಗೊಬ್ಬ ಮಗ ಹುಟ್ಟಿದ್ದನಂತೆ. ಕಿವಿ ಚುಚ್ಚಿಸಿದ ಮೇಲೆ ಎರಡು ದಿನ ರಕ್ತ ನಿಲ್ಲದೆ ನಿನ್ನ ಮಡಿಲಲ್ಲೇ ಹೋದನಂತೆ. ದೃಷ್ಟಿ ತಾಗಿತು ಅಂದರಂತೆ ಎಲ್ಲರೂ. ಇಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೇಗಿದ್ದೆಯೇ ನನ್ನಮ್ಮಾ! ಅದು ನಿನ್ನ ತಪ್ಪಲ್ಲ. ಲಿಖಿತನಿಗೆ ಬಂದದ್ದು ನನ್ನ ತಪ್ಪೂ ಅಲ್ಲ. ಇನ್ನು ಮುಚ್ಚಿಟ್ಟರೆ ಮಾತ್ರ ಅದು ತಪ್ಪೇ.

ತೇಜಶ್ರೀಗೆ ಈಗ ಮೂರನೇ ತಿಂಗಳು. ವಾಂತಿ ತಡೆಯಲಾರದೆ ನಿನ್ನ ಹತ್ತಿರ ಬಂದಿದ್ದಾಳೆ. ನನ್ನ ತಂಗಿಯ ರಕ್ತದಲ್ಲೂ ಇದು ಇರಬಹುದು, ಇಲ್ಲದೆಯೂ ಇರಬಹುದು. ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ. "ಬೀಗರಿಗೆ ಗೊತ್ತಾದ್ರೆ ಹುಡುಗಿ ಬಾಳು ಹಾಳಾಗುತ್ತೆ" ಅನ್ನುತ್ತೀಯ. ಹೆರಿಗೆ ಮಾಡಿಸುವ ಡಾಕ್ಟರಿಗೇ ಗೊತ್ತಿಲ್ಲದಿದ್ದರೆ ಮಗುವಿನ ಜೀವಕ್ಕೇ ಅಪಾಯವಲ್ಲವಾ? ಹುಟ್ಟುವ ಮಗು ಲಿಖಿತನ ಹಾಗೇ ಇದ್ದರೂ ಇರಲಿ. ಅವನಿಗಿಂತ ಒಳ್ಳೆಯ ಮಗ ನನಗೆ ಬೇಕಿಲ್ಲ. ಆದರೆ ಅವನು ಪಟ್ಟ ಪಾಡು ಆ ಮಗು ಪಡಬೇಕಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಗರುಡಾಚಾರ್‌ಪಾಳ್ಯಕ್ಕೆ ಬರುತ್ತೇನೆ. ಅವಳನ್ನು ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ. ನೀನು ಬೈದರೂ ಸರಿ, ಬಾಗಿಲು ಹಾಕಿಕೊಂಡರೂ ಸರಿ, ಹೊಸ್ತಿಲಲ್ಲೇ ಕೂತಿರುತ್ತೇನೆ. ನೀನೂ ಜೊತೆಗೆ ಬಾ. ನನಗೂ ಧೈರ್ಯ ಬೇಕು.

ನಿನ್ನ ಹಟಮಾರಿ ಮಗಳು,
ನಂದಿತಾ

ತಾ.ಕ.: ತೇಜುಗೆ ಇದನ್ನು ಹೇಳುವುದಿಲ್ಲ ಅಂತ ನಿನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದೆ. ಮುರಿದಿಲ್ಲ ಅಮ್ಮಾ, ಅವಳ ಹತ್ತಿರ ಒಂದು ಮಾತೂ ಆಡಿಲ್ಲ. ನಿನಗೆ ಓದಲು ಬರುವುದಿಲ್ಲ, ಈಗ ಮನೆಯಲ್ಲಿರುವುದು ನೀವಿಬ್ಬರೇ. ತೇಜೂ, ಇಷ್ಟೂ ಹೊತ್ತು ಗಟ್ಟಿಯಾಗಿ ಓದಿದೆಯಲ್ಲ, ಸಾಕು ಕಣೇ. ಕಾಗದ ಪಕ್ಕಕ್ಕಿಟ್ಟು ಮೊದಲು ಅಮ್ಮನನ್ನು ತಬ್ಬಿಕೋ. ಬೈಯುವುದಿದ್ದರೆ ನನ್ನನ್ನು ಬೈ.